ಅರ್ಧ ಕಿಲೋ ಟ್ರಿಗರ್

"ಮಾಮಾ, ಟ್ರಿಗರ್ ಭಾಳ ಬಿಗಿ ಐತಿ. ಒಳಗಿನ ಸ್ಪ್ರಿಂಗ್ ಒಂದೀಟು ಕತ್ತರಿಸಿ ಕೊಡು." ತಂಗಿ ಮಗಳು ತನ್ನ ಏರ್ ಪಿಸ್ತೂಲನ್ನು ನನ್ನ ಮುಂದಿಟ್ಟಳು. ಬೆಳಗಾವಿಯ ಉದ್ಯಮಬಾಗದಲ್ಲಿ ಇಪ್ಪತ್ತಾರು ವರ್ಷ ಲೇಥ್ ಮುಂದೆ ನಿಂತವನು ನಾನು. ಕತ್ತರಿಸೋದು ಎರಡು ನಿಮಿಷದ ಕೆಲಸ. ಕತ್ತರಿಸಿದ ಸ್ಪ್ರಿಂಗ್ ಮತ್ತೆ ಉದ್ದ ಆಗಲ್ಲ, ಅಷ್ಟೇ.

ಯಾರೋ ಅವಳಿಗೆ ರಿವಾಲ್ವರ್ ಕಥೆ ಹೇಳಿದ್ದರು. ಡಬಲ್ ಆಕ್ಷನ್ ರಿವಾಲ್ವರ್‌ನಲ್ಲಿ, ಅಂದರೆ ಟ್ರಿಗರ್ ಎಳೆದೇ ಹ್ಯಾಮರನ್ನೂ (ಹೊಡೆಯುವ ಸುತ್ತಿಗೆ) ಹಿಂದಕ್ಕೆ ಎತ್ತುವಂಥದ್ದರಲ್ಲಿ, ಹ್ಯಾಮರಿನ ದೊಡ್ಡ ಸ್ಪ್ರಿಂಗನ್ನೂ ಬೆರಳೇ ಬಗ್ಗಿಸಬೇಕು, ಅದಕ್ಕೇ ಬಿಗಿ. ಅದನ್ನು ಸಡಿಲ ಮಾಡಿದರೆ ಬೆರಳಿಗೆ ಹಗುರ. ಆದರೆ ಹ್ಯಾಮರ್ ಏಟು ಮೆತ್ತಗಾಗಿ ಗುಂಡು ಹಾರದೆಯೂ ಕೂರಬಹುದು. ಮೇಲಾಗಿ 1959ರ ಆಯುಧ ಕಾಯ್ದೆ ಪ್ರಕಾರ ಬಂದೂಕು ರಿಪೇರಿಗೂ ಲೈಸೆನ್ಸ್ ಬೇಕು. ಲೇಥ್ ಇದೆ ಅಂತ ನಾನು ಕೈ ಹಾಕೋ ಹಾಗಿಲ್ಲ.

ಮ್ಯಾಚ್ ಆಡುವ ಏರ್ ಪಿಸ್ತೂಲಿನ ಲೆಕ್ಕ ಬೇರೆ. ಅದರ ಹ್ಯಾಮರ್ ಸ್ಪ್ರಿಂಗ್ ಲೋಡ್ ಮಾಡುವಾಗಲೇ ಬಿಗಿದು ಕೂತಿರುತ್ತದೆ. ವಾಲ್ವಿಗೆ ಹೊಡೆದು ಗಾಳಿ ಬಿಡೋದು ಅದರ ಕೆಲಸ. ಅದನ್ನು ಮುಟ್ಟಿದರೆ ಪೆಲೆಟ್, ಅಂದರೆ ಅದರ ಸಣ್ಣ ಗುಂಡಿನ, ವೇಗ ಕೆಡುತ್ತದೆ. ಟ್ರಿಗರ್ ತೂಕಕ್ಕೆ, ಅಂದರೆ ಅದನ್ನು ಎಳೆಯಲು ಬೇಕಾದ ಬಲಕ್ಕೆ, ಬೇರೆಯೇ ಸಣ್ಣ ಸ್ಪ್ರಿಂಗ್ ಇದೆ, ಅದನ್ನು ಬಿಗಿ-ಸಡಿಲ ಮಾಡಲು ಒಂದು ಸ್ಕ್ರೂ ಇದೆ. ನಮಗೆ ಬೇಕಾದದ್ದು ಅದೊಂದೇ.

10 ಮೀಟರ್ ಏರ್ ಪಿಸ್ತೂಲ್ ಪಂದ್ಯದಲ್ಲಿ ಟ್ರಿಗರ್ ಕನಿಷ್ಠ 500 ಗ್ರಾಂ ತಡೆಯಬೇಕು. ಹಾಗಾಗಿ ಮೊದಲು ತೂಕದ ಕಲ್ಲು ಮಾಡಿಕೊಳ್ಳಿ. ನಾನು 40 ಮಿಲಿಮೀಟರ್ ದಪ್ಪದ ಹಿತ್ತಾಳೆ ರಾಡನ್ನು 46 ಮಿಲಿಮೀಟರ್ ಉದ್ದಕ್ಕೆ ಕೊಯ್ದು, ಮೇಲೆ ತಂತಿಯ ಕೊಕ್ಕೆ ಹಾಕಿದೆ. ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ, ಆಮೇಲೆ ಕೊಕ್ಕೆ ಸಮೇತ ತೂಗುತ್ತಾ ಅರದಿಂದ ಉಜ್ಜಿ ಇಳಿಸಬಹುದು. ನಾನು ತೂಗಿಸಿದ್ದು ಶಹಾಪುರದ ಅಕ್ಕಸಾಲಿಯೊಬ್ಬರ ತಕ್ಕಡಿಯಲ್ಲಿ. "ಇಷ್ಟು ದೊಡ್ಡ ಹಿತ್ತಾಳೆ ಯಾರ ಕೊರಳಿಗೆ?" ಅಂತ ನಕ್ಕರು.

ಈಗ ಪೆಲೆಟ್ ಇಲ್ಲ ಅಂತ ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಳ್ಳಿ. ಒಮ್ಮೆ ಅಲ್ಲ, ಎರಡು ಸಲ. ಗಾಳಿ ಸಿಲಿಂಡರ್ ಹಾಕಿ ಲೋಡ್ ಮಾಡಿ, ನಳಿಗೆ ನೆಟ್ಟಗೆ ಮೇಲಕ್ಕೆ ಹಿಡಿಯಿರಿ. ಮೇಜಿನ ಮೇಲಿರುವ ತೂಕವನ್ನು ಟ್ರಿಗರಿಗೆ ಸಿಕ್ಕಿಸಿ, ಜರ್ಕ್ ಕೊಡದೆ ನಿಧಾನ ಎತ್ತಿ. ತೂಕ ಮೇಜು ಬಿಟ್ಟು ಮೇಲೆದ್ದರೂ ಟ್ರಿಗರ್ ಬಿಡದಿದ್ದರೆ ಪಾಸ್. ಮುಂಚೆಯೇ ಬಿಟ್ಟರೆ ಹಗುರ ಆಗಿದೆ ಅಂತ ಅರ್ಥ. ಸ್ಕ್ರೂವನ್ನು ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಲೇ ತಿರುಗಿಸಬೇಡಿ. ಯಾವ ಕಡೆ ತಿರುಗಿಸಿದರೆ ಬಿಗಿ ಅನ್ನೋದು ಪಿಸ್ತೂಲಿನ ಜೊತೆ ಬಂದ ಪುಸ್ತಕದಲ್ಲಿರುತ್ತದೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಮನೆಯಲ್ಲಿ ಸರಿಯಾಗಿ 500 ತಡೆದ ಪಿಸ್ತೂಲು ಪಂದ್ಯದ ದಿನ ಪರೀಕ್ಷೆಯ ಮೇಜಿನ ಮೇಲೆ ಫಟ್ ಅಂತ ಬಿಟ್ಟಿತು. ಹುಡುಗಿ ಮುಖ ಸಣ್ಣದಾಯಿತು. ಆಮೇಲೆ ನೋಡಿದರೆ, ನಾನು ಕೊಕ್ಕೆಯನ್ನು ಟ್ರಿಗರಿನ ಮೇಲ್ಭಾಗಕ್ಕೆ, ಅದು ತಿರುಗುವ ಪಿನ್ನಿನ ಹತ್ತಿರ ಸಿಕ್ಕಿಸಿದ್ದೆ. ಪರೀಕ್ಷೆ ಮಾಡುವವರು ನಡುವಿಗೆ ಸಿಕ್ಕಿಸಿದರು. ಬಾಗಿಲನ್ನು ಕೀಲಿನ ಹತ್ತಿರ ತಳ್ಳಿ ನೋಡಿ, ಗೊತ್ತಾಗುತ್ತದೆ. ಪಿನ್ನಿನಿಂದ ದೂರ ಹೋದಷ್ಟೂ ಕಡಿಮೆ ಬಲಕ್ಕೇ ಬಿಡುತ್ತದೆ. ಆ ದಿನ ಅಲ್ಲೇ ಬಿಗಿ ಮಾಡಿ ಪಾಸ್ ಮಾಡಿಸಿದೆವು. ಈಗ ನಡುವಿಗೇ ಸಿಕ್ಕಿಸಿ, 520ಕ್ಕೆ ಬಿಗಿ ಇಡುತ್ತೇನೆ. ಕೊಕ್ಕೆಗೆ 20 ಗ್ರಾಂ ನಟ್ ಒಂದನ್ನು ಸೇರಿಸಿದರೆ ಆಯಿತು.

ಅಷ್ಟಾದ ಮೇಲೂ ಅವಳು "ಗರಗರ ಅಂತೈತಿ" ಅಂದಳು. ಅದು ಸ್ಪ್ರಿಂಗಿನ ತಪ್ಪಲ್ಲ, ಜಿಡ್ಡು. ಯಾರೋ ಸುಮ್ನೆ ಎಣ್ಣೆ ಸುರಿದಿದ್ದರು, ಧೂಳು ಕೂತು ಅಂಟಾಗಿತ್ತು. ಒಣಬಟ್ಟೆಯಿಂದ ಒರೆಸಿ, ಪಿನ್ನಿಗೆ ಸೂಜಿ ತುದಿಯಲ್ಲಿ ಒಂದು ಹನಿ ಎಣ್ಣೆ ಬಿಟ್ಟೆ. ಬಿಗಿ ಅಂತ ಅವಳು ಹೇಳುತ್ತಿದ್ದದ್ದು ಬಹುಪಾಲು ಇದೇ ಇರಬೇಕು.

ಕೊನೆಗೆ ಪಿಸ್ತೂಲಿನ ಹಿಡಿಯನ್ನು ಅಂಗೈಯಿಂದ ನಾಲ್ಕು ಸಲ ತಟ್ಟಿ. ಟ್ರಿಗರ್ ತಾನಾಗಿ ಬಿಟ್ಟರೆ ಹಿಂದಿನ ಸೆಟ್ಟಿಂಗಿಗೆ ಹೋಗಿ, ತಿಳಿದವರಿಗೆ ತೋರಿಸಿ. ಬಿಡದಿದ್ದರೆ ಸ್ಕ್ರೂ ತಲೆಯ ಮೇಲಿಂದ ಪಕ್ಕದ ಲೋಹದವರೆಗೆ ನೇಲ್ ಪಾಲಿಶ್‌ನಿಂದ ಒಂದು ಗೆರೆ ಎಳೆಯಿರಿ. ಸ್ಕ್ರೂ ಕದಲಿದರೆ ಗೆರೆ ಮುರಿಯುತ್ತದೆ. ಅವಳ ಕೆಂಪು ಬಾಟಲಿ ಇನ್ನೂ ನನ್ನ ಟೂಲ್ ಬಾಕ್ಸಿನಲ್ಲೇ ಇದೆ.