ಗೋದಾಮು ಒಂದು ಮಾಡ್‌ದು, ಟರ್ಟಲ್ ಇನ್ನೊಂದರದು: ಎರಡನ್ನೂ ಮಾತಾಡಿಸೋದು ಹೇಗೆ?

ನಮ್ಮ ತುಮಕೂರು ಹುಡುಗರ ಮೈನ್‌ಕ್ರಾಫ್ಟ್ ಸರ್ವರ್‌ನಲ್ಲಿ ಗೋದಾಮಿನ ಲೆಕ್ಕ ಇಡೋದು ಓಪನ್‌ಕಂಪ್ಯೂಟರ್ಸ್ ಅನ್ನೋ ಮಾಡ್ (ಆಟಕ್ಕೆ ಮೇಲಿಂದ ಸೇರಿಸೋ ತಂತ್ರಾಂಶ), ಗಣಿ ಅಗೆಯೋ ಟರ್ಟಲ್ (ಪ್ರೋಗ್ರಾಂ ಹೇಳಿದಂತೆ ಓಡಾಡೋ ರೋಬೋ) ಮಾತ್ರ ಕಂಪ್ಯೂಟರ್‌ಕ್ರಾಫ್ಟ್ ಅನ್ನೋ ಇನ್ನೊಂದು ಮಾಡ್‌ದು. ಗೋದಾಮಿಗೆ 'ತಿಪಟೂರು ಮಂಡಿ' ಅಂತ ಹೆಸರಿಟ್ಟಿದ್ದೇವೆ, ಒಳಗಿರೋದು ಕೊಬ್ಬರಿ ಅಲ್ಲ, ಬರೀ ಕಲ್ಲು. ಮಂಡಿ ತುಂಬಿದರೂ ಟರ್ಟಲ್ ಅಗೆಯುತ್ತಲೇ ಇರುತ್ತದೆ. ಎರಡೂ ಮಾಡ್‌ಗಳಲ್ಲಿ ಬರೆಯೋದು ಲುವಾ ಭಾಷೆಯಲ್ಲೇ, ಆದರೆ ಒಂದರ ನೆಟ್‌ವರ್ಕ್ ಇನ್ನೊಂದಕ್ಕೆ ತಾನಾಗಿ ಕೇಳಿಸಲ್ಲ.

ಇಲ್ಲಿ ಹೇಳ್ತಿರೋದೆಲ್ಲ ಮೈನ್‌ಕ್ರಾಫ್ಟ್‌ನ 1.12.2 ಆವೃತ್ತಿಗೆ. ಹಳೇ ಕಂಪ್ಯೂಟರ್‌ಕ್ರಾಫ್ಟ್ ಬದಲು ಅದರದೇ ಮುಂದುವರಿದ ರೂಪ ಸಿಸಿ ಟ್ವೀಕ್ಡ್ ಹಾಕಿಕೊಳ್ಳಿ. ಮುಂದೆ 'ಸಿಸಿ' ಅಂದ್ರೆ ಇದೇ.

'ನಿಲ್ಲಿಸು', 'ಶುರು ಮಾಡು' ಇಷ್ಟೇ ಸಾಕು ಅಂದ್ರೆ ರೆಡ್‌ಸ್ಟೋನ್ (ಆಟದೊಳಗಿನ ಕರೆಂಟ್ ಇದ್ದಂಗೆ) ಸಾಕು, ನೆಟ್‌ವರ್ಕ್ ಗೋಜಿಗೇ ಹೋಗಬೇಡಿ. ಓಪನ್‌ಕಂಪ್ಯೂಟರ್ಸ್ ಕಡೆಗೆ ಒಂದು ರೆಡ್‌ಸ್ಟೋನ್ ಕಾರ್ಡ್ ಬೇಕು, ಕಂಪ್ಯೂಟರ್‌ಕ್ರಾಫ್ಟ್‌ಗೆ ಏನೂ ಬೇಡ. ಎರಡೂ ಕಡೆ 0ಯಿಂದ 15ರವರೆಗಿನ ಬಲ ಕಳಿಸಬಹುದು, ಅಂದ್ರೆ 16 ಬೇರೆ ಬೇರೆ ಸಂದೇಶ. ಆದರೆ ರೆಡ್‌ಸ್ಟೋನ್ ಪುಡಿ ಒಂದೊಂದು ಬ್ಲಾಕ್ ದಾಟಿದಾಗಲೂ ಬಲ ಒಂದೊಂದು ಇಳಿಯುತ್ತದೆ, ರಿಪೀಟರ್ ಹಾಕಿದರೆ ಎಷ್ಟೇ ಇದ್ದರೂ 15 ಆಗಿಬಿಡುತ್ತದೆ. ಹಾಗಾಗಿ ಅಂಕಿ ಕಳಿಸೋದಾದರೆ ಎರಡು ಕಂಪ್ಯೂಟರ್ ನಡುವೆ ಒಂದೇ ಒಂದು ಪುಡಿ ಇಡಿ. ದೂರ ಇದ್ದರೆ ಬರೀ ಆನ್-ಆಫ್ ಅಷ್ಟೇ.

ಜಾಸ್ತಿ ಮಾಹಿತಿ ಬೇಕಾದರೆ ಓಪನ್‌ಕಂಪ್ಯೂಟರ್ಸ್‌ನ ರಿಲೇ ಬ್ಲಾಕ್ ಇದೆಯಲ್ಲ, ಅದನ್ನ ಬಳಸಿ. ಒಂದು ಮಗ್ಗುಲಿಗೆ ನೆಟ್‌ವರ್ಕ್ ಕಾರ್ಡ್ ಇರೋ ಗೋದಾಮಿನ ಕಂಪ್ಯೂಟರ್‌ನ ಕೇಬಲ್ ಎಳೆಯಿರಿ, ಇನ್ನೊಂದು ಮಗ್ಗುಲಿಗೆ ಸಿಸಿ ಕಂಪ್ಯೂಟರ್ ಅಂಟಿಸಿ ಇಡಿ. ಸಿಸಿ ಕಣ್ಣಿಗೆ ಆ ರಿಲೇ ಒಂದು ಮೋಡೆಮ್ ಥರ ಕಾಣುತ್ತದೆ. ಎರಡೂ ಕಡೆ ಒಂದೇ ಚಾನೆಲ್ ನಂಬರ್ (ಓಪನ್‌ಕಂಪ್ಯೂಟರ್ಸ್‌ನಲ್ಲಿ ಅದಕ್ಕೆ ಪೋರ್ಟ್ ಅಂತಾರೆ) ಓಪನ್ ಮಾಡಿ, ಸೊನ್ನೆ ಮಾತ್ರ ಬೇಡ, ಸಿಸಿಯಲ್ಲಿ ಅದು ನಡೆಯುತ್ತದೆ, ಓಪನ್‌ಕಂಪ್ಯೂಟರ್ಸ್‌ನಲ್ಲಿ ಪೋರ್ಟ್ 1ರಿಂದ ಶುರು. ಮೊದಲ ಸಲ ಪ್ರೋಗ್ರಾಂ ಬರೆಯೋ ಮುಂಚೆ ಬಂದ ಈವೆಂಟನ್ನ (ಸಂದೇಶ ಬಂದಾಗ ಪ್ರೋಗ್ರಾಂಗೆ ಸಿಗೋ ಸೂಚನೆ) ಸುಮ್ನೆ ಪ್ರಿಂಟ್ ಮಾಡಿ ನೋಡಿ, ಯಾಕಂದ್ರೆ ಕಳಿಸಿದ್ದು ಎಷ್ಟನೇ ಜಾಗದಲ್ಲಿ ಬರುತ್ತೆ ಅನ್ನೋದು ಎರಡು ಕಡೆಯೂ ಒಂದೇ ಥರ ಇರಲ್ಲ.

ಟೇಬಲ್ (ಲುವಾದಲ್ಲಿ ಹಲವು ಮಾಹಿತಿ ಒಟ್ಟಿಗೆ ಕಟ್ಟಿಡೋ ಗಂಟು) ಕಳಿಸೋಕೆ ಹೋಗಬೇಡಿ. ಓಪನ್‌ಕಂಪ್ಯೂಟರ್ಸ್ ಮೋಡೆಮ್ ಟೇಬಲನ್ನ ನೇರವಾಗಿ ತಗೊಳ್ಳಲ್ಲ. 'ಕಲ್ಲು|1728|ತುಂಬಿದೆ' ಅನ್ನೋ ಥರ ಒಂದು ಸಾಲು ಕಳಿಸಿ, ಆ ಕಡೆ ಗೀಟು ನೋಡಿ ಒಡೆದುಕೊಳ್ಳಿ. ಪದಗಳನ್ನ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ, ಸಿಸಿ ಪರದೆಗೆ ಕನ್ನಡ ಬರಲ್ಲ. ಬೇಜಾರು, ಏನು ಮಾಡೋದು!

ಇನ್ನು ಸಿಸಿ ಕಂಪ್ಯೂಟರ್‌ನಿಂದ ಟರ್ಟಲ್‌ವರೆಗೆ ವೈರ್‌ಲೆಸ್ ಮೋಡೆಮ್. ಕೆಳಮಟ್ಟದಲ್ಲಿ ಅದು ಮುಟ್ಟೋದು 64 ಬ್ಲಾಕ್, ಎತ್ತರಕ್ಕೆ ಹೋದಷ್ಟೂ ಜಾಸ್ತಿ. ಗಣಿ ದೂರ ಇದ್ದರೆ ಎಂಡರ್ ಮೋಡೆಮ್ ಮಾಡಿಕೊಂಡುಬಿಡಿ, ಅದಕ್ಕೆ ದೂರದ ಲೆಕ್ಕವೇ ಇಲ್ಲ.

ಕರೆಂಟ್ ಹೋಗಿ ಸರ್ವರ್ ಮತ್ತೆ ಎದ್ದಾಗ ಒಂದು ತಮಾಷೆ ಆಗುತ್ತದೆ. ಓಪನ್‌ಕಂಪ್ಯೂಟರ್ಸ್ ಸಾಮಾನ್ಯವಾಗಿ ಸೇವ್ ಆದ ಕಡೆಯಿಂದಲೇ ಮುಂದುವರಿಯುತ್ತದೆ, ಸಿಸಿ ಹೊಸದಾಗಿ ಬೂಟ್ ಆಗುತ್ತದೆ, ಓಪನ್ ಮಾಡಿದ್ದ ಚಾನೆಲ್‌ಗಳೆಲ್ಲ ಮುಚ್ಚಿರುತ್ತವೆ. ಆದ್ದರಿಂದ ಚಾನೆಲ್ ತೆರೆಯೋ ಸಾಲನ್ನ ಸಿಸಿಯ ಸ್ಟಾರ್ಟಪ್ ಫೈಲ್‌ಗೇ ಹಾಕಿ, ಗೋದಾಮಿನ ಕಡೆಯಿಂದ 'ತುಂಬಿದೆ' ಅನ್ನೋದನ್ನ ಒಂದೇ ಸಲ ಹೇಳದೆ ಐದೈದು ಸೆಕೆಂಡಿಗೆ ಕಳಿಸುತ್ತಲೇ ಇರಿ.