ಜೋತುಬಿದ್ದ ವಾಹನದ ಬಾಗಿಲು: ಮೊದಲು ಹಿಂಜ್, ಆಮೇಲೆ ಸ್ಟ್ರೈಕರ್, ಕೊನೆಗೆ ಬೀಡಿಂಗ್

ಕಾಫಿ ಕೊಯ್ಲು ಮುಗಿದು ತೋಟದ ಓಡಾಟ ಸ್ವಲ್ಪ ಹಗುರಾಗುವ ಫೆಬ್ರವರಿ, ಮಾರ್ಚ್ ತಿಂಗಳುಗಳು ಚಿಕ್ಕಮಗಳೂರಿನ ಕಡೆಯವರಿಗೆ ವಾಹನದ ಬಾಗಿಲು ಸರಿಪಡಿಸಿಕೊಳ್ಳಲು ತಕ್ಕ ಕಾಲ. ಈಗ ಗಾಳಿ ನುಗ್ಗುತ್ತಿರುವ ಸಂದಿಯಿಂದಲೇ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೀರೂ ಒಳಗೆ ಇಳಿಯುತ್ತದೆ. ಕಾಲಡಿಯ ಮ್ಯಾಟ್ ನೆನೆದು ಅದರ ಕೆಳಗಿನ ತಗಡು ತುಕ್ಕು ಹಿಡಿದ ಮೇಲಷ್ಟೇ ಅದು ನಮ್ಮ ಗಮನಕ್ಕೆ ಬರುತ್ತದೆ.

ಗಾಳಿ ಬರುತ್ತಿದೆ ಎಂದೊಡನೆ ಬಹಳ ಮಂದಿ ಮಾಡುವ ಮೊದಲ ಕೆಲಸವೆಂದರೆ ಅಂಗಡಿಗೆ ಹೋಗಿ ಹೊಸ ರಬ್ಬರ್ ಬೀಡಿಂಗ್, ಅಂದರೆ ಬಾಗಿಲಿನ ಸಂದಿ ಮುಚ್ಚುವ ರಬ್ಬರ್ ಪಟ್ಟಿ, ತರುವುದು. ನಮ್ಮ ತೋಟದ ಪಿಕಪ್ ವಾಹನಕ್ಕೆ ನಾನೂ ಹಾಗೆಯೇ ಮಾಡಿದ್ದೆ. ಹೊಸ ಬೀಡಿಂಗ್ ಹಾಕಿದ ಮೇಲೂ ಗಾಳಿಯ ಸದ್ದು ನಿಲ್ಲಲಿಲ್ಲ, ಏಕೆಂದರೆ ದೋಷ ಇದ್ದುದು ಮೇಲಿನ ಹಿಂಜ್‌ನ (ಬಾಗಿಲು ತಿರುಗುವ ಕೀಲಿನ) ಸವೆದ ಬುಷ್‌ನಲ್ಲಿ, ಅಂದರೆ ಕೀಲಿನ ಪಿನ್ನನ್ನು ಸುತ್ತುವರಿದ ಸಣ್ಣ ಕೊಳವೆಯಲ್ಲಿ. ಬಾಗಿಲೇ ತನ್ನ ಚೌಕಟ್ಟಿನಲ್ಲಿ ಸರಿಯಾಗಿ ಕೂರದಿದ್ದಾಗ ಎಂಥ ಒಳ್ಳೆಯ ರಬ್ಬರೂ ಸಂದಿಯನ್ನು ಮುಚ್ಚಲಾರದು. ಆದ್ದರಿಂದ ಹಿಂಜ್, ಸ್ಟ್ರೈಕರ್ (ಬಾಗಿಲಿನ ಲಾಕ್ ಸಿಕ್ಕಿಕೊಳ್ಳುವ ಕೊಂಡಿ), ಬೀಡಿಂಗ್ ಎಂಬ ಈ ಕ್ರಮವನ್ನು ತಪ್ಪಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಲೆನಾಡಿನಲ್ಲಿ ಬಾಗಿಲುಗಳು ಬೇಗ ಜೋತುಬೀಳಲು ಕಾರಣಗಳಿವೆ. ತೋಟದ ಒಳದಾರಿಗಳ ಕುಲುಕಾಟ ಒಂದು. ಎತ್ತರದ ವಾಹನಕ್ಕೆ ಹತ್ತುವವರು ತೆರೆದ ಬಾಗಿಲನ್ನೇ ಹಿಡಿದು ಮೈಭಾರ ಹಾಕುವುದು ಮತ್ತೊಂದು. ಮೂರನೆಯದು ಗಾಳಿ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಂಥ ಕಡೆ, ಗಾಳಿಗೆ ಬೆನ್ನು ಮಾಡಿ ವಾಹನ ನಿಲ್ಲಿಸಿ ಬಾಗಿಲು ತೆರೆದರೆ ಅದು ಕೈಯಿಂದ ಕಿತ್ತುಕೊಂಡು ಹೋಗಿ ಮಿತಿಮೀರಿ ತೆರೆದುಕೊಳ್ಳುತ್ತದೆ; ಆ ಒಂದೇ ಹೊಡೆತಕ್ಕೆ ಹಿಂಜ್ ಬಾಗಬಹುದು.

ಮೊದಲು ಗಾಳಿ ಎಲ್ಲಿಂದ ಬರುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಬಾಗಿಲಿನ ಸುತ್ತಲಿನ ಸಂದಿಗೆ ಹೊರಗಿನಿಂದ ಪೂರ್ತಿ ಮಾಸ್ಕಿಂಗ್ ಟೇಪ್ ಅಂಟಿಸಿ, ಇನ್ನೊಂದು ಬಾಗಿಲಿನಿಂದ ಹತ್ತಿ ವಾಹನ ಓಡಿಸಿ ನೋಡಿ. ಘಾಟಿ ರಸ್ತೆಯಲ್ಲಿ ವೇಗ ಸಾಲದಿರುವುದರಿಂದ ಈ ಪರೀಕ್ಷೆ ಫಲಿಸುವುದಿಲ್ಲ. ಸಖರಾಯಪಟ್ಟಣ ದಾಟಿ ಕಡೂರಿನ ಬಯಲಿಗೆ ಇಳಿಯುವ ರಸ್ತೆ ಇದಕ್ಕೆ ಅನುಕೂಲ. ಸದ್ದು ನಿಂತರೆ ದೋಷ ಬಾಗಿಲಿನದೇ ಎಂದು ತಿಳಿಯಿತು. ಬಳಿಕ ಟೇಪನ್ನು ಒಂದೊಂದೇ ಭಾಗ ಕಿತ್ತು ಮತ್ತೆ ಓಡಿಸಿದರೆ ಸದ್ದು ಮರಳುವ ಜಾಗ ಸಿಗುತ್ತದೆ. ಟೇಪ್ ಹಾಕಿದರೂ ಸದ್ದು ನಿಲ್ಲದಿದ್ದರೆ ಕಿಟಕಿಗಾಜಿನ ರಬ್ಬರನ್ನೋ ಹೊರಗನ್ನಡಿಯ ಬುಡವನ್ನೋ ನೋಡಬೇಕು. ಮನೆಯಂಗಳದಲ್ಲಿಯೇ ಮಾಡಬಹುದಾದ ಇನ್ನೊಂದು ಪರೀಕ್ಷೆಯೆಂದರೆ, ಬಾಗಿಲಿನ ಸುತ್ತ ಅಲ್ಲಲ್ಲಿ ಒಂದು ಕಾಗದದ ಚೂರನ್ನಿಟ್ಟು ಬಾಗಿಲು ಹಾಕಿ ಎಳೆಯುವುದು. ಕಾಗದ ಬಿಗಿಯಾಗಿ ಬಂದಲ್ಲಿ ರಬ್ಬರ್ ಒತ್ತುತ್ತಿದೆ. ಸಲೀಸಾಗಿ ಜಾರಿ ಬಂದಲ್ಲಿ ಒತ್ತುತ್ತಿಲ್ಲ.

ಈಗ ನಾಲ್ಕು ಹೆಜ್ಜೆ ದೂರ ನಿಂತು ಬಾಗಿಲಿನ ಸುತ್ತಲಿನ ಸಂದಿಯ ಅಗಲವನ್ನು ಗಮನಿಸಿ. ಅದು ಎಲ್ಲೆಡೆ ಸಮನಾಗಿರಬೇಕು. ಮುಂಬಾಗಿಲಿನ ಹಿಂತುದಿ ಜೋತುಬಿದ್ದಿದ್ದರೆ, ಮುಂಭಾಗದ ಮಡ್‌ಗಾರ್ಡಿಗೂ ಬಾಗಿಲಿಗೂ ನಡುವಿನ ಸಂದಿ ಮೇಲೆ ಅಗಲವಾಗಿಯೂ ಕೆಳಗೆ ಕಿರಿದಾಗಿಯೂ ಕಾಣುತ್ತದೆ. ಬಾಗಿಲನ್ನು ಅರ್ಧ ತೆರೆದು ಅದರ ಹಿಂತುದಿಯನ್ನು ಎರಡೂ ಕೈಗಳಿಂದ ಮೇಲೆತ್ತಿ ಇಳಿಸಿ. ಮತ್ತೊಬ್ಬರು ಹಿಂಜ್‌ಗಳನ್ನೇ ನೋಡುತ್ತಿರಲಿ. ಪಿನ್ನಿನ ಸುತ್ತ ಅಲುಗಾಟ ಕಂಡರೆ ಪಿನ್ ಅಥವಾ ಬುಷ್ ಸವೆದಿದೆ. ಹಿಂಜ್ ಇಡಿಯಾಗಿ ಅಲುಗಿದರೆ ಬೋಲ್ಟ್ ಸಡಿಲವಾಗಿದೆ. ಹಿಂಜ್ ಕೂತಿರುವ ಕಂಬದ ತಗಡೇ ಬಿರುಕುಬಿಟ್ಟು ಉಸಿರಾಡಿದಂತೆ ಒಳಹೊರಗೆ ಆಡುತ್ತಿದ್ದರೆ ಅದು ವೆಲ್ಡಿಂಗ್ ಆಗಬೇಕಾದ ಕೆಲಸ, ಟಿಂಕರಿಂಗ್ ಬಲ್ಲವರಿಗೇ ಬಿಡಬೇಕು.

ಬುಷ್ ಸವೆದಿದ್ದರೆ ಬೋಲ್ಟ್ ಸರಿಸಿ ಹೊಂದಿಸುವುದರಿಂದ ಪ್ರಯೋಜನವಿಲ್ಲ. ಮೊದಲು ಪಿನ್ನು, ಬುಷ್‌ಗಳನ್ನು ಬದಲಾಯಿಸಬೇಕು. ಅವು ಬಿಡಿಯಾಗಿ ಸಿಗದ ವಾಹನಗಳಲ್ಲಿ ಹಿಂಜನ್ನೇ ಬದಲಾಯಿಸಬೇಕು.

ಹಿಂಜ್ ಹೊಂದಿಸುವ ಕೆಲಸಕ್ಕೆ ಇಬ್ಬರು ಇರಲೇಬೇಕು, ಏಕೆಂದರೆ ಬಾಗಿಲಿನ ತೂಕ ನೋಡಿದ್ದಕ್ಕಿಂತ ಹೆಚ್ಚು. ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಡಿ. ಬಾಗಿಲಿನ ಕೆಳಗೆ ಜಾಕ್ ಇಟ್ಟು, ಅದರ ಮೇಲೊಂದು ಮರದ ತುಂಡನ್ನೂ ಮಡಿಸಿದ ಗೋಣಿಯನ್ನೂ ಇರಿಸಿ ಬಾಗಿಲಿಗೆ ಆಧಾರ ಕೊಡಿ. ಬೋಲ್ಟ್ ಸಡಿಲಿಸುವ ಮುನ್ನ ಹಿಂಜ್‌ನ ಅಂಚಿನ ಸುತ್ತ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದುಕೊಳ್ಳುವುದನ್ನು ಮರೆಯಬೇಡಿ. ಎಷ್ಟು ಸರಿಸಿದ್ದೇವೆ ಎಂಬುದನ್ನು ತೋರಿಸುವ, ಕೆಟ್ಟರೆ ಮೊದಲಿದ್ದ ಸ್ಥಿತಿಗೆ ಮರಳಿಸುವ ಗುರುತು ಅದೊಂದೇ. ಇದೇ ಹಂತದಲ್ಲಿ ಹಿಂಬದಿಯ ಕಂಬದ ಮೇಲಿರುವ ಲಾಕಿನ ಕೊಂಡಿಯನ್ನು, ಅಂದರೆ ಸ್ಟ್ರೈಕರನ್ನು, ಅದರ ಸುತ್ತಲೂ ಗುರುತು ಹಾಕಿ ಬಿಚ್ಚಿಡಬೇಕು. ಅದು ಇದ್ದರೆ ಬಾಗಿಲು ಹಾಕುವಾಗ ಲಾಕ್ ಕೊಂಡಿಯ ಮೇಲೆ ಹತ್ತಿ ಬಾಗಿಲನ್ನು ಎತ್ತಿಬಿಡುತ್ತದೆ, ಹಿಂಜ್‌ಗಳು ನಿಜವಾಗಿ ಬಾಗಿಲನ್ನು ಎಲ್ಲಿ ಹಿಡಿದಿವೆ ಎಂಬುದು ತಿಳಿಯುವುದಿಲ್ಲ.

ಬಹುಪಾಲು ವಾಹನಗಳಲ್ಲಿ ಕಂಬದ ಕಡೆಯ ಬೋಲ್ಟ್‌ಗಳು ಬಾಗಿಲನ್ನು ಹಿಂದೆ ಮುಂದೆ ಮತ್ತು ಮೇಲೆ ಕೆಳಗೆ ಸರಿಸಲು, ಬಾಗಿಲಿನ ಕಡೆಯವು ಒಳಗೆ ಹೊರಗೆ ಸರಿಸಲು ಒದಗುತ್ತವೆ. ಹಿಂತುದಿ ಜೋತುಬಿದ್ದಾಗ ಮೇಲಿನ ಹಿಂಜ್‌ನ ಕಂಬದ ಕಡೆಯ ಬೋಲ್ಟ್‌ಗಳನ್ನು ಮಾತ್ರ, ಪೂರ್ತಿ ಬಿಚ್ಚದೆ, ತುಸುವೇ ಸಡಿಲಿಸಿ, ಜಾಕನ್ನು ನಿಧಾನವಾಗಿ ಏರಿಸುತ್ತ ಬಾಗಿಲಿನ ಮೇಲ್ಭಾಗವನ್ನು ಮುಂದಕ್ಕೆ ತನ್ನಿ. ಅಲ್ಲಿ 1 ಮಿಲಿಮೀಟರ್ ಸರಿದರೂ ಬಾಗಿಲಿನ ಹಿಂತುದಿ ಅದಕ್ಕಿಂತ ಹೆಚ್ಚು ಮೇಲೇಳುತ್ತದೆ. ಆತುರ ಪಟ್ಟವರು ಎಡವುವುದು ಇಲ್ಲಿಯೇ. ಬೋಲ್ಟ್ ಬಿಗಿದು, ಜಾಕ್ ತೆಗೆದು, ಬಾಗಿಲನ್ನು ಮೆಲ್ಲಗೆ ಹಾಕಿ ಸಂದಿ ನೋಡಿ. ಮೂರ್ನಾಲ್ಕು ಬಾರಿಯಾದರೂ ಹೀಗೆ ಮಾಡಬೇಕಾಗುತ್ತದೆ. ಹಿಂಜ್ ಸರಿದ ಜಾಗದಲ್ಲಿ ಬಣ್ಣ ಕಿತ್ತು ಬರಿ ತಗಡು ಕಂಡರೆ ಅಂದೇ ಟಚಪ್ ಬಣ್ಣ ಹಚ್ಚಿ. ನಮ್ಮ ತೇವದ ಹವೆಯಲ್ಲಿ ತುಕ್ಕು ಕಾಯುವುದಿಲ್ಲ.

ಹಿಂಜ್ ಸರಿಯಾದ ಮೇಲೆ ಸ್ಟ್ರೈಕರನ್ನು ಗುರುತಿನ ಜಾಗಕ್ಕೇ ಮರಳಿ ಕೂರಿಸಿ. ಜೋತುಬಿದ್ದ ಬಾಗಿಲನ್ನು ಎತ್ತಿ ಹಿಡಿಯಲು ಸ್ಟ್ರೈಕರನ್ನು ಬಳಸುವ ಅಭ್ಯಾಸ ಕೆಲವು ಕಡೆ ಇದೆ. ಅದು ಲಾಕನ್ನು ಬೇಗ ಸವೆಸುತ್ತದೆ. ಸ್ಟ್ರೈಕರ್ ಇರುವುದು ಮುಚ್ಚಿದ ಬಾಗಿಲನ್ನು ರಬ್ಬರಿಗೆ ಒತ್ತಿ ಹಿಡಿಯುವುದಕ್ಕೆ. ಅದನ್ನು ಒಳಕ್ಕೆ ಸರಿಸಿದಷ್ಟೂ ಬಾಗಿಲು ಬಿಗಿಯಾಗಿ ಕೂರುತ್ತದೆ, ಆದರೆ ಅತಿಯಾದರೆ ಬಡಿದು ಹಾಕಬೇಕಾಗುತ್ತದೆ. ಮುಂಬಾಗಿಲಿನ ಹಿಂತುದಿ ಹಿಂಬಾಗಿಲಿನ ಮೈಗೆ ಸಮನಾಗಿರಲಿ, ಇಲ್ಲವೇ ಕೂದಲೆಳೆಯಷ್ಟು ಹೊರಗಿರಲಿ. ಒಳಗೆ ಸರಿದಿದ್ದರೆ ಎದುರು ಬರುವ ಗಾಳಿ ಹಿಂಬಾಗಿಲಿನ ಅಂಚಿಗೆ ಬಡಿದು ಸದ್ದು ಮಾಡುತ್ತದೆ. ಬಾಗಿಲು ಹಾಕುವಾಗ ಲಾಕ್ ಎರಡು ಹಂತಗಳಲ್ಲಿ ಕೂರಬೇಕು. ಮೊದಲ ಹಂತದಲ್ಲಿಯೇ ನಿಲ್ಲುವ ಬಾಗಿಲನ್ನು ಹಾಗೇ ಬಿಟ್ಟು ಚಾರ್ಮಾಡಿಯ ತಿರುವುಗಳಿಗೆ ಇಳಿಯಕೂಡದು.

ಬೀಡಿಂಗ್ ಕೊನೆಯದು. ಹಳೆಯದನ್ನು ಸೋಪಿನ ನೀರಿನಿಂದ ತೊಳೆದು ಒರೆಸಿ, ಬೆರಳಿನಿಂದ ಒತ್ತಿ ನೋಡಿ: ಮರಳಿ ಉಬ್ಬಿದರೆ ಇನ್ನೂ ಬಾಳುತ್ತದೆ, ಚಪ್ಪಟೆಯಾಗಿಯೇ ಉಳಿದರೆ ಬದಲಾಯಿಸಿ. ಹೊಸದನ್ನು ಕೂರಿಸುವಾಗ ಮೂಲೆಗಳಲ್ಲಿ ಎಳೆದು ಹಿಗ್ಗಿಸಬಾರದು. ಕೆಲವು ವಾರಗಳಲ್ಲಿ ಅದು ಕುಗ್ಗಿ ಅಲ್ಲಿಯೇ ಸಂದಿ ಬಿಡುತ್ತದೆ. ಎರಡು ತುದಿಗಳು ಕೂಡುವ ಜಾಗ ಬಾಗಿಲಿನ ಕೆಳಭಾಗದಲ್ಲಿರಲಿ. ರಬ್ಬರಿಗೆ ಸಿಲಿಕೋನ್ ಗ್ರೀಸ್ ಸವರಬಹುದು. ಡೀಸೆಲ್, ಎಂಜಿನ್ ಆಯಿಲ್ ಸೋಕಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಗಾಳಿ ತಡೆಯುವ ಭರದಲ್ಲಿ ಬಾಗಿಲಿನ ತಳದಲ್ಲಿರುವ ಸಣ್ಣ ರಂಧ್ರಗಳನ್ನು ಮಾತ್ರ ಮುಚ್ಚಬೇಡಿ, ಕಿಟಕಿಗಾಜಿನ ಪಕ್ಕದಿಂದ ಇಳಿದ ಮಳೆನೀರು ಹೊರಹೋಗುವುದು ಅವುಗಳಿಂದಲೇ.

ಒಂದು ವಾರ ತೋಟದ ದಾರಿಯಲ್ಲಿ ಓಡಿಸಿದ ಬಳಿಕ ಹಿಂಜ್ ಮತ್ತು ಸ್ಟ್ರೈಕರ್ ಬೋಲ್ಟ್‌ಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ಬಿಗಿ ಇದೆಯೇ ನೋಡಿ, ಕಾಗದದ ಪರೀಕ್ಷೆಯನ್ನು ಮತ್ತೆ ಮಾಡಿ.