ಹೋಲ್ಡಾನ್ ಅನ್ನುವ ಕ್ರೋಮೋಸೋಮ್

ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತೇನೆ. ಕೋಶ ವಿಭಜನೆ ಪಾಠ ಬಂತೆಂದರೆ ಈರುಳ್ಳಿ ಬೇರಿನ ಸ್ಲೈಡ್ ಮಾಡಲೇಬೇಕು. ಈರುಳ್ಳಿಗೇನು ಬರವಿಲ್ಲ, ಚಳ್ಳಕೆರೆ ಕಡೆಯದ್ದು ಬೇಕಾದಷ್ಟು ಸಿಗುತ್ತದೆ.

ಮೊದಲ ವರ್ಷ ಮಧ್ಯಾಹ್ನ ಬೇರು ಕತ್ತರಿಸಿ ಕೆಟ್ಟೆ. ಕೋಶಗಳೆಲ್ಲ ಸುಮ್ನೆ ಕೂತಿದ್ದವು, ಒಡೆಯುತ್ತಿದ್ದವು ಎರಡೋ ಮೂರೋ. ಈಗ ಬೆಳಿಗ್ಗೆ ಎಂಟೂವರೆಗೇ ಕತ್ತರಿಸುತ್ತೇನೆ. ತುದಿಯ ಎರಡು ಮೂರು ಮಿಲಿಮೀಟರ್ ಸಾಕು. ಒಂದು ಭಾಗ ಅಸಿಟಿಕ್ ಆಸಿಡ್, ಮೂರು ಭಾಗ ಆಲ್ಕೋಹಾಲ್, ಅದರಲ್ಲಿ ರಾತ್ರಿಯಿಡೀ ನೆನೆಯಬೇಕು. ಮರುದಿನ ಹೈಡ್ರೋಕ್ಲೋರಿಕ್ ಆಸಿಡ್, ಅಸಿಟೋಕಾರ್ಮೈನ್ ಬಣ್ಣ, ದೀಪದ ಮೇಲೆ ಒಂಚೂರು ಬಿಸಿ. ಕುದಿಸಿದರೆ ಮುಗೀತು. ಕೊನೆಗೆ ಕವರ್‌ಸ್ಲಿಪ್ ಮೇಲೆ ಹೆಬ್ಬೆರಳು ನೆಟ್ಟಗೆ ಒತ್ತಬೇಕು, ಜಾರಿಸಬಾರದು. ಇದೊಂದು ಕೈಗೆ ಹತ್ತಲು ನನಗೆ ಎರಡು ವರ್ಷ ಹಿಡಿಯಿತು.

ಹೋದ ವರ್ಷ ಒಂದು ಚೆಂದದ ಕೋಶ ಸಿಕ್ಕಿತು. ಈರುಳ್ಳಿ ಕೋಶಕ್ಕಿರುವುದು 16 ಕ್ರೋಮೋಸೋಮ್, ಅಂದರೆ ಡಿಎನ್‌ಎ ಸುತ್ತಿಟ್ಟ ಕಟ್ಟುಗಳು. ಕೆಂಪು ದಾರದ ತುಂಡುಗಳ ಹಾಗೆ ನಡುಗೆರೆಗೆ ಬಂದು ನಿಂತಿದ್ದವು. ಒಂದು ಮಾತ್ರ ದೂರದಲ್ಲಿತ್ತು.

"ಮೇಡಂ, ಅದನ್ನ ಬಿಟ್ಟು ಹೋಗ್ತಾವೇನ್ರೀ?" ಕೇಳಿದವಳು ಹರಿಹರದಿಂದ ದಿನಾ ಬಸ್ಸಲ್ಲಿ ಬರುವ ಹುಡುಗಿ.

"ಫುಟ್‌ಬೋರ್ಡ್ ಹತ್ತಿರ ಒಬ್ರಿದ್ರೂ ಕಂಡಕ್ಟರ್ ಹೋಲ್ಡಾನ್ ಅಂತಾನೆ, ಅಲ್ವಾ?"

ಹೇಳಿದ ಮೇಲೆ ನಾನೇ ತಿದ್ದಿಕೊಂಡೆ. ಇಲ್ಲಿ ಕೂಗುವುದು ಕಂಡಕ್ಟರ್ ಅಲ್ಲ, ಹತ್ತದೆ ಉಳಿದ ಪ್ಯಾಸೆಂಜರೇ. ವಿಭಜನೆಯಲ್ಲಿ ಕ್ರೋಮೋಸೋಮ್‌ಗಳನ್ನು ಎರಡು ಬದಿಗೆ ಜಗ್ಗಲು ಕೋಶದೊಳಗೆ ನೂಲೆಳೆಗಳಿರುತ್ತವೆ. ಅವಕ್ಕೆ ಸಿಗದ ಕ್ರೋಮೋಸೋಮ್ ಒಂದೇ ಒಂದಿದ್ದರೂ ಅದರ ಸಿಗ್ನಲ್‌ಗೆ ಇಡೀ ವಿಭಜನೆ ಕಾಯುತ್ತದೆ. ಈ ತಡೆ ಸಡಿಲವಾದರೆ ಒಂದು ಕೋಶಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ. ನಮಗೆ 46 ಇರಬೇಕು. ಕ್ಯಾನ್ಸರ್ ಗಡ್ಡೆಗಳಲ್ಲಿ ಬಹುಪಾಲು ಈ ಲೆಕ್ಕವೇ ತಪ್ಪಿರುತ್ತದೆ.

ಇದಕ್ಕೂ ಮುಂಚೆ ಇನ್ನೊಂದು ಚೆಕಿಂಗ್ ಇದೆ. ಡಿಎನ್‌ಎ ಮುರಿದಿದ್ದರೆ ಪಿ53 ಅನ್ನುವ ಪ್ರೋಟೀನ್ ಕೋಶವನ್ನು ತಡೆದು ನಿಲ್ಲಿಸುತ್ತದೆ. ರಿಪೇರಿ ಆಗದಿದ್ದರೆ ಸಾಯಿಸಿಯೂ ಬಿಡುತ್ತದೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದರ ಜೀನೇ ಕೆಟ್ಟಿರುತ್ತದೆ. (ಈರುಳ್ಳಿಗೆ ಪಿ53 ಇಲ್ಲ. ಇದನ್ನು ಹೇಳದೆ ಬಿಟ್ಟರೆ ಮಕ್ಕಳು ಪರೀಕ್ಷೆಯಲ್ಲಿ ಇದೆ ಅಂತಲೇ ಬರೆಯುತ್ತಾರೆ.) ಇಂಥ ತಡೆಗಳಿಗೆ 'ಚೆಕ್‌ಪಾಯಿಂಟ್' ಅಂತ ಹೆಸರು ತಂದ ಲೀಲ್ಯಾಂಡ್ ಹಾರ್ಟ್‌ವೆಲ್ ಕೆಲಸ ಮಾಡಿದ್ದು ಯೀಸ್ಟ್ ಮೇಲೆ. 2001ರಲ್ಲಿ ನೊಬೆಲ್ ಬಂತು.

ಲ್ಯಾಬ್ ಬಾಗಿಲ ಪಕ್ಕದ ಕುಂಡದಲ್ಲಿ ನಿತ್ಯಪುಷ್ಪ ಇದೆ. ಅದರಿಂದ ತೆಗೆಯುವ ವಿನ್‌ಕ್ರಿಸ್ಟಿನ್ ರಕ್ತದ ಕ್ಯಾನ್ಸರ್‌ಗೆ ಮದ್ದು. ನೂಲೆಳೆಗಳೇ ಆಗದಂತೆ ಮಾಡಿ, ಕೋಶವನ್ನು ಹೋಲ್ಡಾನ್‌ನಲ್ಲೇ ನಿಲ್ಲಿಸಿ ಕೊಲ್ಲುತ್ತದೆ ಅಂದೆ. ಹೊರಡುವಾಗ ಆ ಹುಡುಗಿ ಒಂದು ಎಲೆ ಕಿತ್ತು ಮೂಸಿದಳು.

"ತಿನ್ನಬಾರದಲ್ರೀ ಮೇಡಂ?"

"ಬೇಡ ತಾಯಿ, ವಿಷ ಅದು. ಕೈ ತೊಳ್ಕೋ."